ಮಾತಿಲ್ಲದ ಐದು ನಿಮಿಷ

“ಕಾಲಾಗ ತುಳಿಯೋದಕ್ಕ ಕುಂಕುಮ ಯಾಕಲೇ, ಹುಸೇನಪ್ಪ? ಅದಕ್ಕೂ ನಿನಗೂ ಬಾಯಿಲ್ಲ. ಬರೇ ಗದ್ದಲ ಐತಿ.”

ಆರ್ಕೆಸ್ಟ್ರಾದ ನಿರೂಪಕ ಪಂಪಣ್ಣ ಇದನ್ನು ಮೈಕಿನಲ್ಲೇ ಅಂದ. ಆಯುಧಪೂಜೆಯ ಸಂಜೆ, ಅಕ್ಕಿ ಗಿರಣಿಯ ಅಂಗಳ. ಸಾಹುಕಾರರು, ಅವರ ಬೀಗರು, ಹಮಾಲರು, ಎಲ್ಲರೂ ನಕ್ಕರು. ಕೀಬೋರ್ಡಿಗೆ, ಡ್ರಮ್ಮಿಗೆ ಕುಂಕುಮ ಬಿತ್ತು. ನನಗಿಲ್ಲ.

ನಾನು ಗಿಟಾರಿನ ಪೆಡಲ್. ಈಗ ತುಕ್ಕು ಹಿಡಿದು ಮೂಲೆ ಸೇರಿದ್ದೇನೆ, ಸಿಟ್ಟು ಮಾತ್ರ ಇಳಿದಿಲ್ಲ. ತುಳಿದರೆ ಸಾಕು, ತಂತಿಯ ಮೆಲುದನಿಯನ್ನು ಒರಟು ಮಾಡಿ ಕಿರುಚಿಸುವುದು ನನ್ನ ಕೆಲಸ. ರೇಡಿಯೋ ರಿಪೇರಿಯ ಗೌಸ್ ಸಾಬರು ಕೆಟ್ಟ ಸೆಟ್ಟುಗಳ ಬಿಡಿಭಾಗ ಕಿತ್ತು, ಬಿಸ್ಕತ್ತಿನ ಡಬ್ಬಿಯೊಳಗೆ ಬೆಸೆದು ನನ್ನನ್ನು ಹುಟ್ಟಿಸಿದರು. ಮೊದಲು ಕೊಂಡವನು, ಗಾಯಕಿಯ ದನಿ ಮುಚ್ಚುತ್ತದೆಂದು ಚೀಲದ ತಳಕ್ಕೆ ಎಸೆದ. ಅಲ್ಲಿಂದ ಎತ್ತಿಕೊಂಡವನು ಈಗಿನ ಗಿಟಾರಿನವ ಹುಸೇನಪ್ಪ. ಕೆಳಗಿನಿಂದ ನೋಡುವ ನನಗೆ ಮನುಷ್ಯರ ಹಿಮ್ಮಡಿಯೇ ಮುಖ. ಅವನ ಹಿಮ್ಮಡಿ ಒಡೆದಿತ್ತು.

ಇದೇ ಗಿರಣಿಯ ಬೆಲ್ಟಿಗೆ ಅವನಪ್ಪ, ಹಮಾಲ ದುರುಗಪ್ಪನ ಟವೆಲ್ಲು ಸಿಕ್ಕಿತ್ತು. ಲೋಡು ಮುಗಿಯಲೆಂದು ಸಾಹುಕಾರರು ಮಿಷಿನ್ ನಿಲ್ಲಿಸಲಿಲ್ಲ. ದುರುಗಪ್ಪ ಅಲ್ಲೇ ಸತ್ತ. ವಿಚಾರಣೆಯಲ್ಲಿ ‘ತಕ್ಷಣ ನಿಲ್ಲಿಸಿದೆವು’ ಎಂದು ಬರೆಸಿದರು. ಕಣ್ಣಾರೆ ಕಂಡ ಹಮಾಲರು ಹೆಬ್ಬೆಟ್ಟು ಒತ್ತಿದರು. ಹುಸೇನಪ್ಪ ಹೋದಲ್ಲೆಲ್ಲ ಅದೇ ಕಾಗದ ತೋರಿಸಿ ಅವನ ಬಾಯಿ ಮುಚ್ಚಿಸಿದರು. ಹೇಳಿ ಹೇಳಿ ಸಾಕಾಗಿ ಮಾತು ಬಿಟ್ಟ. ರಾಗ ಕಟ್ಟಿದ.

“ಗಾಯಕಿ ಸೀರಿ ಬದಲಿಸಿ ಬರೋತನಕ ಐದು ನಿಮಿಷ ಏನರ ಬಾರಿಸು,” ಅಂದ ಪಂಪಣ್ಣ, ಪೂಜೆಯ ಆ ಸಂಜೆ.

ಬಾರಿಸಿದ. ಮೊದಲು ಗಿಟಾರಿನಲ್ಲಿ ಗಿರಣಿಯ ಮೋಟರಿನ ಸದ್ದು ಎದ್ದಿತು. ದಪ್ಪ ತಂತಿಯಲ್ಲಿ ಬೆಲ್ಟು ಪಟಪಟ ಹೊಡೆಯಿತು. ಪೂಜೆಯೆಂದು ನಿಜವಾದ ಮಿಷಿನ್‌ಗಳಿಗೆ ರಜೆ. ಹೂ ಮುಡಿದು ಸುಮ್ಮನೆ ಕೂತಿದ್ದವು. ಆದರೂ ಹಮಾಲರು ಹೊರಳಿ ಅವುಗಳ ಕಡೆ ನೋಡಿದರು. ಅದರ ಮೇಲೆ ಸಣ್ಣ ತಂತಿಯಲ್ಲೊಂದು ಸಿಳ್ಳೆ, ದುರುಗಪ್ಪ ಮೂಟೆ ಹೊರುವಾಗ ಹಾಕುತ್ತಿದ್ದದ್ದು. ಆಗ ಹುಸೇನಪ್ಪ ನನ್ನನ್ನು ತುಳಿದ. ಸಿಳ್ಳೆ ಚೀರಾಟವಾಯಿತು, ಹರಿಯಿತು, ನಿಂತಿತು. ಬೆಲ್ಟು ನಿಲ್ಲಲಿಲ್ಲ. ಅದೇ ಹೊಡೆತ, ಅದೇ ವೇಗ. ಮತ್ತೆ. ಮತ್ತೆ.

ಮುದಿ ಹಮಾಲ ಯಮನೂರಪ್ಪ ಎದ್ದು ನಿಂತ. ಹೆಬ್ಬೆಟ್ಟು ಒತ್ತಿದವರಲ್ಲಿ ಮೊದಲಿಗ.

“ಬಂದ್ ಮಾಡ್ರಿ ಮಿಷಿನ್,” ಅಂದ, ಸಾಹುಕಾರರ ಕಡೆ ತಿರುಗಿ. “ಅವತ್ತೂ ಬಂದ್ ಮಾಡ್ಲಿಲ್ಲ ನೀವು. ನಾ ನೋಡೀನಿ.”

ಅವನ ಹಿಂದೆ ಇನ್ನಿಬ್ಬರು ಎದ್ದರು.

ಸಾಹುಕಾರರು ವೇದಿಕೆಗೆ ಬಂದು ಮೈಕು ಕಸಿದುಕೊಂಡರು. “ಏನ್ ಹೇಳಿದಿಲೇ ಇವರಿಗೆ? ಏನ್ ಹೇಳಿದಿ ನೀ?”

ಹುಸೇನಪ್ಪ ವಾಯರು ಕಿತ್ತ. ನನ್ನನ್ನು ಕಂಕುಳಲ್ಲಿ ಇರುಕಿಕೊಂಡು, ಮೆಟ್ಟಿಲಿಳಿದು, ಗೇಟಿನತ್ತ ನಡೆದ.