ಕೊನೆಯ ಪುಟದ ಹೊಳೆ

ತಪ್ ತಪ್ ಎಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ನಿಂತರೆ ಮಾತ್ರ ಗಮನಕ್ಕೆ ಬರುವಂಥ ಸದ್ದು, ಕಿಟಕಿಯಾಚೆ ಡೆಟ್ರಾಯಿಟ್ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡಿನ ಹಿಮ, ಖಲೀದಾಳ ಕೈಯಲ್ಲಿ ಮಗಳು ಹುದಾ ಸೋಫಾದ ಮೇಲೆ ಬಿಟ್ಟುಹೋದ ಶಾಲೆಯ ಪುಸ್ತಕ — ಗುಲಾಮಳಾಗಿದ್ದ ಹೆಂಗಸೊಬ್ಬಳು ತಾನೇ ಬರೆದ ತನ್ನ ಬದುಕು, ಅರ್ಧ ಕಥೆಯನ್ನು ಹುದಾ ಹರಕುಮುರುಕು ಕನ್ನಡದಲ್ಲಿ ಮನೆಗೆಲಸದ ಶಾಂತವ್ವನಿಗೂ ಹೇಳಿಬಿಟ್ಟಿದ್ದಾಳೆ, ಯಾಕೆ ಹೇಳಬೇಕಿತ್ತು, ಇವಳು ನಮ್ಮ ಮನೆಯವಳ ಹಾಗೇ ಎನ್ನುತ್ತಿದ್ದಳಂತೆ ಪುಸ್ತಕದ ಆ ಹೆಂಗಸಿನ ಯಜಮಾನಿ, ನೆಂಟರೆದುರು, ಖಲೀದಾ ಆ ಸಾಲಿನಿಂದ ಬೆರಳು ಕಿತ್ತುಕೊಂಡಳು, ಈದಿನ ದಿನ ತಾನೂ ಬಿರಿಯಾನಿ ಬಡಿಸುತ್ತ ಶಾಂತವ್ವನ ಬಗ್ಗೆ ಅದನ್ನೇ ಅಂದಿದ್ದಳಲ್ಲ, ನಸೀಬು ಮಾಡೀರಿ ಆಂಟಿ, ವಿಜಾಪುರದಿಂದ ನಮಗೂ ಒಬ್ಬಾಕಿನ್ನ ತರಿಸಿಕೊಡ್ರಿ ಎಂದು ಎಲ್ಲರೂ ನಕ್ಕಿದ್ದರು, ಮನೆಯವಳು ಬೇಸ್‌ಮೆಂಟಿನಲ್ಲಿ ಹೀಟರ್ ಪಕ್ಕ ಮಲಗುತ್ತಾಳೆ, ಅಲ್ಲಿ ಬೆಚ್ಚಗಿರುತ್ತದೆ, ನಿಜವಾಗಿಯೂ ಬೆಚ್ಚಗಿರುತ್ತದೆ — ಅವಳ ಪಾಸ್‌ಪೋರ್ಟ್ ನೀನೇ ಇಟ್ಕೋ, ಕಳಕೊಂಡರೆ ತ್ರಾಸು, ಎಂದವರು ಗಂಡ ವಾಹಿದ್, ಬಂಗಾರದ ಜೊತೆ ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಕುರ್ತಾದ ಒಳಗೆ ಪಿನ್ನಿಗೆ ಸಿಕ್ಕಿಸಿಕೊಂಡವಳು ತಾನು, ಎರಡು ವರ್ಷದಿಂದ ಎದೆಯ ಮೇಲೆ ಆ ತಣ್ಣನೆಯ ತುಂಡು, ನನ್ನ ಮಗಳು ಹಡಿಯಾಕಿ ಅದಾಳ್ರಿ ಅಕ್ಕಾರ, ಊರಿಗೆ ಒಮ್ಮಿ ಹೋಗಿ ಬರ್ತೀನಿ ಎಂದಿದ್ದಳು ಶಾಂತವ್ವ, ರಮ್ಜಾನ್ ಮುಗೀಲಿ ತಡಿ, ಆಮೇಲೆ ಹುದಾಳ ಪರೀಕ್ಷೆ, ಆಮೇಲೆ ಅತ್ತೆಯ ಮೊಣಕಾಲು, ಆ ಕೂಸು ಈಗ ನಡೆಯುತ್ತದಂತೆ, ಒಬ್ಬಾಕೀನ ಬಾಗಲಾ ದಾಟಿದ್ರ ಪೊಲೀಸರು ಹಿಡೀತಾರ ನೋಡು ಎಂದು ಹೆದರಿಸಿದ್ದೂ ತಾನೇ — ಮಮ್ಮಿ, ವೇರ್ ಈಸ್ ಹರ್ ಪಾಸ್‌ಪೋರ್ಟ್, ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಹುದಾ ಕೇಳಿದಾಗ, ಬಸ್ ಬಂತು ನಡಿ ಎಂದಿದ್ದಳು, ರೊಟ್ಟಿಯ ಸದ್ದು ಆಗಲೂ ಒಂದು ಗಳಿಗೆ ನಿಂತಿತ್ತೇ — ಬೇಸಿಗೆಯಲ್ಲಿ ಡೆಟ್ರಾಯಿಟಿನ ಹೊಳೆಯ ದಂಡೆಗೆ ಕರೆದೊಯ್ದಾಗ ಶಾಂತವ್ವ ಬೆರಳು ತೋರಿಸಿ, ಆ ಕಡೆ ಯಾವೂರ್ರಿ ಎಂದಿದ್ದಳು, ಊರಲ್ಲ, ಬ್ಯಾರೆ ದೇಶ, ಯವ್ವಾ, ಇಷ್ಟ ಹತ್ರ ಏನ್ರಿ — ಪುಸ್ತಕದ ಹೆಂಗಸನ್ನು ಗುಲಾಮಗಿರಿಯ ವಿರುದ್ಧ ನಿಂತ ಜನ ಅದೇ ಡೆಟ್ರಾಯಿಟಿನ ಚರ್ಚಿನಲ್ಲಿ ಬಚ್ಚಿಟ್ಟು ಅದೇ ಹೊಳೆಯನ್ನು ದೋಣಿಯಲ್ಲಿ ದಾಟಿಸಿದ್ದಾರೆ, ಆಚೆ ಗುಲಾಮಗಿರಿ ಇಲ್ಲದ ದೇಶ, ಕೊನೆಯ ಪುಟದಲ್ಲಿ ಅವಳು ಆಚೆ ದಡದ ಕೆಸರಿಗೆ ಕೆನ್ನೆ ಒತ್ತಿ ಅಳುತ್ತಾಳೆ — ಸದ್ದು ನಿಂತಿದೆ, ಬಾಗಿಲಲ್ಲಿ ಶಾಂತವ್ವ, ಕೈತುಂಬ ಹಿಟ್ಟು, ಅಕ್ಕಾರ, ಆ ಪುಸ್ತಕದ ಹೆಣ್ಮಗಳು ಹೊಳಿ ದಾಟಿದಳೇನ್ರಿ, ಇನ್ನೂ ಅಲ್ಲೀತನಾ ಓದಿಲ್ಲ ಶಾಂತವ್ವ ಎಂದಳು ಖಲೀದಾ, ಅಕ್ಷರ ಬಾರದವಳಿಗೂ ಬೆರಳಿನಾಚೆ ಪುಟ ಉಳಿದಿಲ್ಲವೆಂಬುದು ಕಾಣುತ್ತದೆ, ನೋಡಿದಳು, ಹ್ಞೂಂರಿ ಎಂದು ಒಳಗೆ ಹೋದಳು, ಈಗ ಬಡಿಯುತ್ತಾಳೆ, ಈಗ, ಕೈ ತಾನಾಗಿ ಎದೆಯ ಮೇಲಿನ ಬೀಗದ ಕೈಗೆ ಹೋಯಿತು, ಕೊಟ್ಟುಬಿಡಲೇ, ನಾಳೆ, ವಾಹಿದರನ್ನು ಕೇಳಿ, ಕಾಲಿಗೆ ಥಂಡಿ ಗಾಳಿ ತಾಗುತ್ತಿದೆ, ಎದ್ದು ಹೋದರೆ ಹಿಂಬಾಗಿಲು ತೆರೆದಿದೆ, ಹಂಚು ಹೊಗೆಯಾಡುತ್ತಿದೆ, ಮಣೆಯ ಮೇಲೆ ಅರ್ಧ ಬಡಿದ ರೊಟ್ಟಿ, ರೊಟ್ಟಿಯ ಮೇಲೆ ಐದು ಬೆರಳಿನ ಅಚ್ಚು, ಐದು ಬೆರಳು —