ಬರಿ ನೀರು ಸಾಕು

ಬಸ್ಸು ಗದಗ ದಾಟಿ ಉಬ್ಬು ಹಾರಿದ್ದೇ ಸೀಟಿನ ತಗಡು ಕೆಳಗಿನಿಂದ ಬಡಿಯಿತು, ಅಲ್ಲಿಯೇ, ಸರಿಯಾಗಿ ಅಲ್ಲಿಯೇ, ದ್ರಾಕ್ಷಾಯಣಿ ಹಲ್ಲು ಕಚ್ಚಿ ಎಡತೊಡೆಯ ಮೇಲೆ ಭಾರ ಹಾಕಿದಳು — ಮೊದಲು ಉರಿ, ಉರಿಯ ಹಿಂದೆಯೇ ತುರಿಕೆ, ಶಿಗ್ಲಿಯ ಮನೆಯಲ್ಲಿ ಮಗ್ಗಕ್ಕೆ ಕೂತರೂ ಇದೇ, ಲಾಳಿ ಆಚೆ ಹೋಗಿ ಈಚೆ ಬರುವಷ್ಟರಲ್ಲಿ ಕೈ ತಾನಾಗಿ ನಿರಿಗೆಯತ್ತ ಹೊರಡುತ್ತದೆ, ಯಾರಾದರೂ ಕಂಡರೆ ಎಂದು ಮತ್ತೆ ಲಾಳಿಗೆ ಮರಳುತ್ತದೆ. ಕಿಟಕಿಯ ಬದಿಗೆ ಗಂಡ ಪ್ರಲ್ಹಾದ, ಹೆಗಲ ಮೇಲೆ ಟವೆಲ್ಲು, ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದವನು, ಏನಾಯಿತೆಂದು ಇನ್ನೂ ಕೇಳಿಲ್ಲ, ಕೇಳುವವನೂ ಅಲ್ಲ, ನಡಿ ಗದಗಕ್ಕ ಹೋಗಿ ತೋರಿಸ್ಕೊಂಡು ಬರೂಣು ಎಂದವನು ಮಾತ್ರ ಅವನೇ. ದೀಪಾವಳಿಯ ಆಸುಪಾಸಿಗೆ ಶುರುವಾದದ್ದು, ಈಗ ಯುಗಾದಿ ಬಂತು, ಮುಟ್ಟು ನಿಂತ ಮೈಗೆ ಇದು ಎಲ್ಲಿಂದ ಬರಬೇಕು, ಸೀರೆ ಮಾರಲು ಹುಬ್ಬಳ್ಳಿಗೆ ಹೋದವನು ಅಲ್ಲೇ ವಸ್ತಿ ಮಾಡುತ್ತಾನೆ, ಅಲ್ಲಿಂದಲೇ ತಂದಿರಬೇಕು — ಹಾಗಂದುಕೊಂಡ ದಿನವೇ ಹಾಸಿಗೆ ನಡುಮನೆಗೆ ಒಯ್ದಳು, ಮೊಣಕಾಲು ನೋಯ್ತಾವು, ನಾ ಇಲ್ಲೇ ಮಲ್ಕೋತೀನ್ರಿ, ಅವನು ಹೂಂ ಎಂದ, ಅಷ್ಟೇ. ಆಮೇಲೆ ಗಾಯ ತೊಳೆಯುವ ಔಷಧಿ ಬೆರೆಸಿದ ಬಿಸಿನೀರು, ಬೆಳಿಗ್ಗೆ, ಸಂಜೆ, ಸಾಬೂನು ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು, ಅವನ ಗಜಕರ್ಣದ ಮುಲಾಮು ಕದ್ದು ಸವರಿದ್ದು, ನಾಲ್ಕು ದಿನ ತಣ್ಣಗೆ, ಆಮೇಲೆ ಎರಡರಷ್ಟು.

ಏನೇನು ಹಚ್ಚೀರಿ ಹೇಳ್ರಿ ಅವ್ವಾರ, ನಾಚ್ಕೋಬ್ಯಾಡ್ರಿ — ಮಗಳ ವಯಸ್ಸಿನ ಡಾಕ್ಟರು, ಕೈಗವಸು ತೊಟ್ಟ ಆ ಕೈ ಎಷ್ಟು ಹಗುರ, ಪರದೆಯ ಹಿಂದೆ ಫ್ಯಾನಿನ ಸದ್ದು, ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಒರೆಸಿ ತೆಗೆದದ್ದನ್ನು ಅಲ್ಲೇ ಪರೀಕ್ಷೆಗೆ ಕಳಿಸಿದಳು, ಚೀಟಿ ಬಂದ ಮೇಲೆ ಅಂದಳು, ಸಕ್ಕರಿ ಇಲ್ಲ, ಸೋಂಕೂ ಇಲ್ರಿ, ಮುಟ್ಟು ನಿಂತ ಮ್ಯಾಲೆ ಅಲ್ಲಿನ ಚರ್ಮ ತೆಳ್ಳಗಾಗಿ ಒಣಗತೈತಿ, ಅದರ ಮ್ಯಾಲೆ ನೀವು ಆ ಔಷಧಿ ಹಾಕಿ ಸುಟ್ಕೊಂಡೀರಿ, ತೊಳ್ಯಾಕ ಬರಿ ನೀರು ಸಾಕು, ಒಳಗಿನ ಅರಿವಿ ಹತ್ತೀದು ಇರ್ಲಿ, ಬ್ಯಾರೆಯವರ ಮುಲಾಮು ಮುಟ್ಟಬ್ಯಾಡ್ರಿ, ನಾ ಕೊಟ್ಟಿದ್ದು ಹಚ್ರಿ, ಜಲ್ದಿ ಹೋಗಂಗಿಲ್ಲ, ಕಮ್ಮಿ ಆಗಲಿಲ್ಲಂದ್ರ ಮತ್ತ ಬರ್ರಿ. ಸೆರಗು ಸರಿಮಾಡಿಕೊಳ್ಳುತ್ತ ಕೇಳಿಯೇಬಿಟ್ಟಳು, ಇದು ಯಾರಿಂದರ ಹತ್ತೂದೇನ್ರಿ? ಯಾರಿಂದನೂ ಅಲ್ರಿ, ವಯಸ್ಸಿಂದು.

ಯಾರಿಂದಲೂ ಅಲ್ಲ. ಹೊರಗೆ ಕಡಲೆ ಕಿತ್ತ ಹೊಲಗಳು ಬೋಳುಬೋಳಾಗಿ ಹಿಂದೆ ಸರಿಯುತ್ತಿವೆ, ಒಂದು ಚಳಿಗಾಲವಿಡೀ ಅವನ ತಾಟಿಗೆ ರೊಟ್ಟಿ ಹಾಕುವಾಗ ಮುಖ ನೋಡಿರಲಿಲ್ಲ, ಹೇಳಬೇಕು, ಲಕ್ಷ್ಮೇಶ್ವರ ಬರುವುದರೊಳಗೆ ಹೇಳಬೇಕು — ರೋಗ ಅಲ್ಲಂತ್ರಿ, ನನ್ನ ವಯಸ್ಸಿಂದಂತ, ನಾ ನಿಮ್ಮಿಂದ ಬಂದೈತಿ ಅಂದ್ಕೊಂಡಿದ್ದೆ. ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ, ಹೌದು, ನೀ ಹಂಗ ಅಂದ್ಕೊಂಡಿದ್ದು ಗೊತ್ತಿತ್ತು ನನಗ, ಎಂದ, ಇಲ್ಲಂತ ಹೆಂಗ ಹೇಳ್ಲಿ, ನೀ ಏನೂ ಕೇಳಿರಲಿಲ್ಲಲ್ಲ. ಲಕ್ಷ್ಮೇಶ್ವರದಲ್ಲಿ ಇಳಿದದ್ದು, ಶಿಗ್ಲಿ ಬಸ್ಸಿಗೆ ಮಂದಿ ನುಗ್ಗಿದ್ದು, ಅವನು ಮುಂದೆ ಹತ್ತಿದ್ದು, ಅವಳು ಕಂಬಿ ಹಿಡಿದು, ತೊಡೆ ತೊಡೆಗೆ ತಾಗದಂತೆ, ನಿಧಾನಕ್ಕೆ ಮೆಟ್ಟಿಲೇರಿದ್ದು — ಅವನು ಕಿಟಕಿಯ ಬದಿ ಬಿಟ್ಟು ಎದ್ದು ನಿಂತಿದ್ದಾನೆ, ಹೆಗಲ ಮೇಲಿನ ಟವೆಲ್ಲು ಹೆಗಲ ಮೇಲಿಲ್ಲ, ಹರಿದ ಸೀಟಿನ ಮೇಲಿದೆ, ಮಾರಲು ಒಯ್ಯುವ ಸೀರೆಯ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿದ್ದು, ಹಾಗಾದರೆ ಅವಳು ಓರೆಯಾಗಿ ಕೂರುವುದನ್ನು ಇಷ್ಟು ದಿನ ಅವನು ನೋಡುತ್ತಲೇ — ಮುಂದ ಸರೀರಿ ಅವ್ವಾರ, ಯಾರೋ ಹಿಂದಿನಿಂದ, ಮುಂದ ಸರೀರಿ — ಟವೆಲ್ಲು, ಅಂಚಿಗೆ ಅಂಚು, ದಪ್ಪಗೆ ಮಡಚಿದ ಟವೆಲ್ಲು.