ನುಂಗದೆ ಉಳಿದ ಚೂರು

ಚರ್ಚಿನ ಸ್ಮಶಾನದ ಗೇಟಿನ ಚಿಲಕ ತೆಗೆದು ರಾಜಮ್ಮ ನಾಲ್ಕನೇ ಸಲ ರಸ್ತೆಗೆ ಬಂದಳು. ಎರಡೂ ಕಡೆ ನೋಡಿದಳು. ಹತ್ತು ಗಂಟೆಗೆ ಗಂಡನ ಹೆಣ ತರುತ್ತೇವೆಂದಿದ್ದ ಆಸ್ಪತ್ರೆಯ ಗಾಡಿ ಹನ್ನೆರಡೂವರೆಯಾದರೂ ಪತ್ತೆಯಿರಲಿಲ್ಲ. ಮತ್ತೆ ಒಳಗೆ ಬಂದು, ತೋಡಿಟ್ಟ ಗುಂಡಿಯ ತನಕ ಹೋಗಿ, ಅಲ್ಲಿಂದಲೂ ತಿರುಗಿದಳು.

"ಮಮ್ಮಿ, ಬೈಠೋ ನಾ. ಎಷ್ಟು ಸಲ ಹೋಗ್ತೀಯ?" ಎಂದಳು ಮಗಳು ನಿಕಿತಾ. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಕೆಲಸಕ್ಕಿದ್ದ ಅವಳು ಬೆಳಿಗ್ಗೆಯಷ್ಟೇ ವಡೋದರಾ ತಲುಪಿದ್ದಳು.

"ಕೂತ್ರೆ ಹೊತ್ತೇ ಹೋಗಲ್ಲ. ಬುಡು ನನ್ನ."

ಪಕ್ಕದ ಮನೆಯ ಶೇಷಾದ್ರಿ ಕಿವಿಯಿಂದ ಫೋನು ತೆಗೆದರು. ಆಸ್ಪತ್ರೆ, ಮುನಿಸಿಪಾಲಿಟಿ, ಚರ್ಚು ಎಂದು ನಿನ್ನೆಯಿಂದ ಓಡಾಡುತ್ತಿದ್ದವರು ಅವರೊಬ್ಬರೇ. "ಗಾಡಿ ಹೊರಟಿದೆಯಂತೆ ರಾಜಮ್ಮ. ನಿಮ್ಮ ಚರ್ಚಿನ ಫಾದರ್‌ಗೂ ಕೊರೋನಾ ಪಾಸಿಟಿವ್ ಆಗಿದೆ. ಬೇರೆ ಚರ್ಚಿಂದ ಒಬ್ಬರನ್ನ ಕಳಿಸ್ತಾರೆ, ಐದು ನಿಮಿಷದ ಪ್ರಾರ್ಥನೆ ಅಷ್ಟೇ. ಹತ್ತು ಜನಕ್ಕಿಂತ ಜಾಸ್ತಿ ಸೇರಬಾರದು ಅಂದ್ರು."

"ಎಲ್ಲವ್ರೆ ಸಾರ್ ಹತ್ತು ಜನ? ನಾವು ಮೂರೇ ಜನ. ಇವ್ರು ಊರಲ್ಲಿ ಕಾಯಿಲೆ ಬಿದ್ದೋರ ಹಾಸಿಗೆ ಹತ್ರಕ್ಕೆಲ್ಲ ಹೋಯ್ತಿದ್ರು. ಈಗ ನೋಡಿ."

ಶೇಷಾದ್ರಿ ಮತ್ತೆ ಫೋನು ಕಿವಿಗಿಟ್ಟರು.

ರಾಜಮ್ಮನ ಗಂಡ ಇನ್ನಾಸಪ್ಪ ಕೊಳ್ಳೇಗಾಲದ ಕಡೆಯವನು. ಮೂವತ್ತೈದು ವರ್ಷಗಳ ಹಿಂದೆ ವಡೋದರಾದ ಗೋರ್ವಾ ಬಡಾವಣೆಯ ಕಾರ್ಖಾನೆಯೊಂದಕ್ಕೆ ಲೇತ್ ಯಂತ್ರದ ಟರ್ನರ್ ಆಗಿ ಬಂದಿದ್ದ. ಪಾದ್ರಿಯಲ್ಲದಿದ್ದರೂ ಹಾಸಿಗೆ ಹಿಡಿದವರಿಗೆ ಪರಮಪ್ರಸಾದ, ಅಂದರೆ ಕ್ರಿಸ್ತನ ದೇಹವೆಂದೇ ನಂಬುವ ತೆಳು ರೊಟ್ಟಿಯ ಬಿಲ್ಲೆ, ಒಯ್ದು ಕೊಡುವ ಕೆಲಸವನ್ನು ಚರ್ಚು ಅವನಿಗೆ ಒಪ್ಪಿಸಿತ್ತು. ಭಾನುವಾರದ ಪೂಜೆ ಮುಗಿದ ಮೇಲೆ ಅಂಗಿಯ ಎಡ ಜೇಬಿನಲ್ಲಿ ಅದನ್ನಿಟ್ಟುಕೊಂಡು ಸ್ಕೂಟರ್ ಹತ್ತಿದನೆಂದರೆ ದಾರಿಯಲ್ಲಿ ಯಾರೊಡನೆಯೂ ಮಾತಿಲ್ಲ. ಎದುರು ಸಿಕ್ಕಿ ನಮಸ್ಕಾರ ಹೇಳಿದರೂ ಬಾಯಿ ಬಿಡದ ಇವನನ್ನು ಶೇಷಾದ್ರಿ ಎಷ್ಟೋ ವರ್ಷ ಸೊಕ್ಕಿನ ಮನುಷ್ಯನೆಂದೇ ತಿಳಿದಿದ್ದರು.

ಗೇಟಿನ ಹೊರಗೆ ರಿಕ್ಷಾ ನಿಂತ ಸದ್ದಾಯಿತು. ರಾಜಮ್ಮ ಓಡಿದಳು. ಇಳಿದದ್ದು ಚಂಪಾಬೆನ್. ಎರಡು ಮಾಸ್ಕ್ ಹಾಕಿಕೊಂಡು, ಗೇಟಿನ ಸರಳು ಹಿಡಿದು ಏದುತ್ತಿದ್ದಳು.

ರಾಜಮ್ಮ ನಿಂತಲ್ಲೇ ನಿಂತಳು.

*

ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಹಿಂದಿನ ದಿನ ಫೋನು ಮಾಡಿದ್ದವಳು ಇದೇ ಚಂಪಾಬೆನ್. ಅದೇ ಚರ್ಚಿನವಳು, ವಿಧವೆ, ಮಗ ಸೂರತ್‌ನಲ್ಲಿ. ಮೂರು ದಿನದಿಂದ ಜ್ವರ, ಮನೆಯಲ್ಲಿ ಒಬ್ಬಳೇ, ಹಬ್ಬಕ್ಕಾದರೂ ಪರಮಪ್ರಸಾದ ಸಿಗುವುದೇ ಎಂದು ಕೇಳಿದ್ದಳು. ಇನ್ನಾಸಪ್ಪ ಫಾದರ್‌ಗೆ ಫೋನು ಹಚ್ಚಿದ. ಯಾರ ಮನೆಗೂ ಹೋಗಕೂಡದೆಂದು ಅವರೇ ತಡೆದಿದ್ದರು. ಆದರೂ ಕೊನೆಗೆ, "ಬಾಗಿಲಲ್ಲೇ ಕೊಟ್ಟು ಬಾ. ಒಳಗೆ ಹೋಗಬೇಡ," ಎಂದರು.

"ಟೀವೀಲಿ ಪೂಜೆ ತೋರಿಸ್ತಾರಲ್ಲ, ಅದನ್ನ ನೋಡ್ಲಿ ಆ ಯಮ್ಮ," ಎಂದಳು ರಾಜಮ್ಮ.

"ಟೀವೀಲಿ ಊಟ ತೋರಿಸಿದ್ರೆ ಹೊಟ್ಟೆ ತುಂಬ್ತದಾ ರಾಜಿ?"

"ನಿಮಗೆ ಶುಗರ್ ಅದೆ. ಅರವತ್ತಮೂರು ವರ್ಸ. ಏನಾರ ಆದ್ರೆ ನನ್ನ ಯಾರು ನೋಡ್ತಾರೆ?"

ಅವನು ಚಪ್ಪಲಿ ಮೆಟ್ಟಿಕೊಂಡ.

"ಹೋದ್ರೆ ವಾಪಸ್ ಈ ಮನೆಗೆ ಬರಬೇಡಿ."

ಒಂದು ಗಳಿಗೆ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿ, ಇನ್ನಾಸಪ್ಪ ಮೆಟ್ಟಿಲಿಳಿದು ಹೋದ.

ಅವನು ಮರಳುವಷ್ಟರಲ್ಲಿ ರಾಜಮ್ಮ ಬಾಲ್ಕನಿಯಲ್ಲಿ ಚಾಪೆ, ದಿಂಬು ಎಸೆದಿದ್ದಳು. ಅವನು ಏನೂ ಕೇಳದೆ ಅಲ್ಲೇ ಮಲಗಿದ. ಊಟದ ತಟ್ಟೆಯನ್ನು ಬಾಗಿಲ ಸಂದಿಯಿಂದ ತಳ್ಳುತ್ತಿದ್ದಳು, ಮಾತಾಡಲಿಲ್ಲ. ಆರನೆಯ ದಿನ ಕೆಮ್ಮು ಶುರುವಾಯಿತು. ಆಂಬುಲೆನ್ಸ್ ಹತ್ತುವಾಗ ಅವನು ತಲೆಯೆತ್ತಿ ಕಿಟಕಿಯ ಕಡೆ ನೋಡಿದ. ಅವಳು ಪರದೆಯ ಹಿಂದೆ ಸರಿದು ನಿಂತಳು. ಅದೇ ಕೊನೆ.

*

"ಯಾಕೆ ಬಂದೆ?" ರಾಜಮ್ಮ ಗುಜರಾತಿಯಲ್ಲಿ ಕೇಳಿದಳು.

"ನನ್ನ ಕ್ವಾರಂಟೈನಿನ ಇಪ್ಪತ್ತು ದಿನ ಮುಗಿದವು ಬೆನ್. ನಿನ್ನೆ ಸುದ್ದಿ ಗೊತ್ತಾಯಿತು." ಚಂಪಾಬೆನ್ ಸರಳು ಬಿಡಲಿಲ್ಲ. "ಒಂದು ಮಾತು ಹೇಳಬೇಕು. ಹೇಳಿ ಹೋಗಿಬಿಡುತ್ತೇನೆ."

"ಆಂಟಿ, ಈಗ ಬೇಡ," ಎಂದು ನಿಕಿತಾ ಅಡ್ಡ ಬಂದಳು. ರಾಜಮ್ಮ ಅವಳ ಕೈ ಸರಿಸಿದಳು.

"ಬಾಗಿಲಲ್ಲೇ ನಿಂತು ಕರೆದರು. ನನಗೆ ಏಳಲಾಗಲಿಲ್ಲ. ಒಳಗೆ ಬಂದರು. ಪರಮಪ್ರಸಾದವನ್ನು ಅರ್ಧ ಮುರಿದು ನಾಲಿಗೆಯ ಮೇಲಿಟ್ಟರು. ಕೆಮ್ಮು ಬಂತು, ನುಂಗುವ ಮೊದಲೇ ಹಾಸಿಗೆಯ ಮೇಲೆ ಬಿತ್ತು. ಬಿದ್ದದ್ದನ್ನು ನೀರಲ್ಲಿ ಕರಗಿಸಿ ಗಿಡಕ್ಕೆ ಹಾಕಿ ಎಂದೆ. ಅವರು ಒಪ್ಪಲಿಲ್ಲ. ಅವರಿಗೂ ಭಯವಾಗಿತ್ತು ಬೆನ್. ಆದರೂ ಮಾಸ್ಕ್ ಇಳಿಸಿ ಅದನ್ನು ತಾವೇ ತಿಂದುಬಿಟ್ಟರು. ಉಳಿದ ಅರ್ಧ ನನಗೆ ಕೊಟ್ಟರು."

ಶೇಷಾದ್ರಿ ತಲೆ ತಗ್ಗಿಸಿದರು. ನಿಕಿತಾ ಇಂಗ್ಲಿಷಿನಲ್ಲಿ ಏನೋ ಗೊಣಗಿ ಬೇವಿನ ಮರದತ್ತ ಹೋದಳು.

"ನನಗ್ಯಾಕೆ ಹೇಳ್ತೀಯ ಇದನ್ನ?" ರಾಜಮ್ಮ ಕನ್ನಡದಲ್ಲೇ ಕೇಳಿದ್ದಳು. ಚಂಪಾಬೆನ್‌ಗೆ ತಿಳಿಯಿತೋ ಇಲ್ಲವೋ, "ನಾನು ಬದುಕಿಬಿಟ್ಟೆ," ಎಂದಷ್ಟೇ ಹೇಳಿದಳು.

ರಾಜಮ್ಮ ಗೇಟಿನಿಂದ ನಾಲ್ಕು ಹೆಜ್ಜೆ ದೂರ ಹೋದಳು. ಮತ್ತೆ ಬಂದಳು.

"ನನ್ನ ಬಗ್ಗೆ ಏನಾದರೂ ಹೇಳಿದರಾ?"

"ಚಹಾ ಮಾಡಲಾಗಲಿಲ್ಲ, ಬಿಸ್ಕೆಟ್ಟಾದರೂ ತಿನ್ನಿ ಎಂದೆ. ಬೇಡ, ಮನೆಯಲ್ಲಿ ರಾಜಿ ಊಟಕ್ಕೆ ಕಾಯುತ್ತಿರುತ್ತಾಳೆ ಎಂದರು."

ರಾಜಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅಷ್ಟರಲ್ಲಿ ಗಾಡಿ ಬಂತು.

*

ಬಿಳಿ ಪಿಪಿಇ ಕಿಟ್ ತೊಟ್ಟ ನಾಲ್ವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ದೇಹವನ್ನು ಹಗ್ಗದಲ್ಲಿ ಇಳಿಸಿದರು. ಮುಖ ತೋರಿಸಲಿಲ್ಲ. ಬೈಕಿನಲ್ಲಿ ಬಂದಿದ್ದ ಪ್ರಾಯದ ಪಾದ್ರಿ ಹೆಲ್ಮೆಟ್ಟನ್ನು ಕಲ್ಲಿನ ಮೇಲಿಟ್ಟು, ಗುಜರಾತಿಯಲ್ಲಿ ಸರಸರನೆ ಪ್ರಾರ್ಥಿಸಿ, ತೀರ್ಥ ಚಿಮುಕಿಸಿದರು. ಸತ್ತವನ ಹೆಸರನ್ನು ಚರ್ಚಿನ ದಾಖಲೆಯಲ್ಲಿದ್ದಂತೆ 'ಇಗ್ನೇಶಿಯಸ್' ಎಂದು ಓದಿದರು.

"ಇನ್ನಾಸಪ್ಪ," ಎಂದು ರಾಜಮ್ಮ ತಿದ್ದಿದಳು.

ಪಾದ್ರಿ ನಿಂತು, ಆ ಹೆಸರನ್ನು ಕಷ್ಟಪಟ್ಟು ಹೇಳಿ, ವಾಕ್ಯವನ್ನು ಮೊದಲಿನಿಂದ ಓದಿದರು.

ನಿಕಿತಾ ಹಿಡಿ ಮಣ್ಣು ಹಾಕಿ ಅಳತೊಡಗಿದಳು. ಶೇಷಾದ್ರಿ ಹಾಕಬಹುದೇ ಎಂಬಂತೆ ಸುತ್ತ ನೋಡಿ, ಬಗ್ಗಿ ಹಾಕಿದರು. ರಾಜಮ್ಮ ಮಾತ್ರ ಗುಂಡಿಗೆ ಬೆನ್ನು ಮಾಡಿ ಗೇಟಿನತ್ತ ನಡೆದಳು.

"ಮನೆಯವರು ಮಾತ್ರ," ಎಂದು ಕಿಟ್ ತೊಟ್ಟವನೊಬ್ಬ ಕೈ ಅಡ್ಡ ಹಿಡಿದ. ಅವಳು ಆ ಕೈಯ ಪಕ್ಕದಿಂದಲೇ ದಾಟಿದಳು. ಚಂಪಾಬೆನ್‌ಳ ಮೊಣಕೈ ಹಿಡಿದು, ಸಮಾಧಿಗಳ ನಡುವೆ ನಿಧಾನವಾಗಿ ನಡೆಸಿಕೊಂಡು ಬಂದಳು.

ಗುಂಡಿಯ ಅಂಚಿನಲ್ಲಿ ಚಂಪಾಬೆನ್ ಬಗ್ಗಲು ನೋಡಿದಳು. ಆಗಲಿಲ್ಲ. ರಾಜಮ್ಮ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡು, ಅವಳ ಅಂಗೈ ಬಿಡಿಸಿ, ಅರ್ಧ ಸುರಿದಳು.